ಸಂಭಾಷಣೆ ಮಧ್ಯದ ಮೌನವನ್ನು ಬರೆಯೋದು ಹೇಗೆ? ನಿಮ್ಮ ಅನುಭವ ಹೇಳಿ

12 ನಿಮಿಷದ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೀತಿದ್ದೀನಿ. ಅಪ್ಪ-ಮಗನ ಕಥೆ, ಇಬ್ಬರದ್ದೂ ಮಾತು ಕಮ್ಮಿ. ಓದಿದ ಗೆಳೆಯ "ಸಾಲಿಗೊಂದು ವಿರಾಮ ಹಾಕಿದ್ದೀಯಲ್ಲ, ನಟರು ಏನು ಮಾಡ್ಬೇಕು?" ಅಂದ. ಚುಕ್ಕಿ ಹಾಕ್ಲಾ, ಅಡ್ಡಗೆರೆ ಹಾಕ್ಲಾ, ಬ್ರಾಕೆಟ್ಟೇ ಸಾಕಾ? ಬರೆದು ಪಳಗಿದವರು ದಯವಿಟ್ಟು ತಿಳಿಸಿ. ಊಟದ ದೃಶ್ಯದ ತುಣುಕು ಹೀಗಿದೆ:

ಅಪ್ಪ: ಎಷ್ಟು ದಿನ ಇರ್ತೀಯ?
ಮಗ: (ವಿರಾಮ) ನಾಳೆ ಹೊರಡ್ತೀನಿ.
ಅಪ್ಪ: (ವಿರಾಮ) ಸರಿ.

ಸಂಭಾಷಣೆ ಬರೆಯುವವರೊಬ್ಬರು:

ಈ ಕಷ್ಟ ನಾನೂ ಪಟ್ಟಿದ್ದೀನಿ. ನನ್ನ ಮೊದಲ ಸ್ಕ್ರಿಪ್ಟ್ ರೀಡಿಂಗ್‌ನಲ್ಲಿ ಅಮ್ಮನ ಪಾತ್ರ ಓದ್ತಿದ್ದ ಹಿರಿಯ ನಟಿ, ನಾನು (ವಿರಾಮ) ಹಾಕಿದ ಕಡೆಯೆಲ್ಲ ನಿಯತ್ತಾಗಿ ನಿಲ್ಲಿಸ್ತಾ ಹೋದರು. ಎಲ್ಲಾ ಒಂದೇ ಅಳತೆ. ಮೂರು ಪುಟ ಆದಮೇಲೆ ಹಾಳೆ ಕೆಳಗಿಟ್ಟು, "ಇವಳು ಇಲ್ಲಿ ಯಾಕಪ್ಪ ಸುಮ್ಮನಾಗ್ತಾಳೆ? ಸಿಟ್ಟಾ, ಸುಳ್ಳು ಹುಡುಕ್ತಿದ್ದಾಳಾ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲಿಂದ ಆ ಹೊತ್ತಲ್ಲಿ ಏನಾಗ್ತಿದೆ ಅಂತ ಹುಡುಕಿ, ಸಿಕ್ಕಿದ್ದನ್ನೇ ಬರೀತೀನಿ. ನಿಮ್ಮ ತುಣುಕು ನನ್ನ ಕೈಲಿದ್ರೆ ಹೀಗಾಗ್ತಿತ್ತು:

ಅಪ್ಪ: ಎಷ್ಟು ದಿನ ಇರ್ತೀಯ?
ಮಗ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುತ್ತಾನೆ.
ಮಗ: ನಾಳೆ ಹೊರಡ್ತೀನಿ.
ಬಡಿಸಲು ಎತ್ತಿದ ಸೌಟನ್ನು ಅಪ್ಪ ಪಾತ್ರೆಗೇ ಇಳಿಸುತ್ತಾನೆ.
ಅಪ್ಪ: ಸರಿ.

ಎರಡು ಕಡೆಯೂ ಮಾತು ನಿಲ್ಲುತ್ತೆ, ಆದರೆ ಮಗ ನಿಲ್ಲಿಸಿದ್ದು ಬೇರೆ, ಅಪ್ಪ ನಿಲ್ಲಿಸಿದ್ದು ಬೇರೆ. ಎಷ್ಟು ಹೊತ್ತು ಅನ್ನೋದನ್ನ ನಟರೇ ಕಂಡ್ಕೊಳ್ತಾರೆ.

ಇನ್ನೊಂದು ಮಾತು. ಕನ್ನಡದ ವಾಕ್ಯಾನೇ ನಿಮಗೆ ಅರ್ಧ ಕೆಲಸ ಮಾಡಿಕೊಡುತ್ತೆ. ನಮ್ಮಲ್ಲಿ ಹೌದೋ ಇಲ್ಲವೋ ಗೊತ್ತಾಗೋದು ಕೊನೇ ಪದದಲ್ಲಿ. "ಈ ವಿಷಯ ನಾನು ಅಮ್ಮನ ಹತ್ರ..." ಅಂತ ತಡೆದರೆ ಮುಂದೆ ಬರೋದು "ಹೇಳ್ದೆ"ನೋ "ಹೇಳಿಲ್ಲ"ವೋ ಯಾರಿಗೂ ತಿಳಿಯಲ್ಲ. ಚುಕ್ಕಿಯನ್ನ ಅಲ್ಲಿ ಇಡಿ, ಸಾಲಿನ ಶುರುವಲ್ಲಿ ಬೇಡ. ಮತ್ತೆ ನಮ್ಮ ಜನ ಮಾತು ಹುಡುಕೋವಾಗ ಸುಮ್ಮನೆ ನಿಲ್ಲಲ್ಲ, "ಅದೂ", "ಏನಂದ್ರೇ", "ಮತ್ತೇ" ಅಂತ ಸ್ವರ ಎಳೀತಾರೆ. ಕಿವಿಗೆ ಬಿದ್ದ ಹಾಗೇ ಬರೆದ್ರೆ ಚುಕ್ಕಿಯೂ ಬೇಕಾಗಲ್ಲ.

ಎಡಿಟಿಂಗ್ ಮಾಡುವವರು:

ಮೇಲಿನವರು ಹೇಳಿದ್ದು ಸರಿ. ಚಿಹ್ನೆ ಬಗ್ಗೆ ಕೇಳಿದ್ರಲ್ಲ: ಮೂರು ಚುಕ್ಕಿ ಅಂದ್ರೆ ಮಾತು ತಾನಾಗಿ ಸೋತು ನಿಂತಿದ್ದು, ಅಡ್ಡಗೆರೆ ಅಂದ್ರೆ ಇನ್ನೊಬ್ಬರು ಕಡಿದಿದ್ದು. ಎರಡನ್ನೂ ಕಲಸಬೇಡಿ. ಕಡಿಯೋ ಕಡೆ ಆ ವಾಕ್ಯದ ಇನ್ನೂ ಎರಡು ಮೂರು ಪದ ನಟರಿಗೆ ಹೇಳಿಕೊಟ್ಟಿರಿ. ಇಲ್ದಿದ್ರೆ ಗೆರೆ ಬಂದ ತಕ್ಷಣ ಅವರೇ ನಿಂತು ಎದುರಿನವರ ಬಾಯಿ ನೋಡ್ತಾರೆ. ಇಬ್ಬರೂ ಒಂದೇ ಫ್ರೇಮಲ್ಲಿದ್ದು ಕಟ್ ಇಲ್ಲದ ಶಾಟ್ ಆದ್ರೆ ಆ ಪೆಚ್ಚು ಗಳಿಗೆಯನ್ನ ನಾನು ತೆಗೆಯೋಕಾಗಲ್ಲ. ಬೇರೆ ಬೇರೆ ಕ್ಲೋಸಪ್ ಇದ್ರೆ ಮೌನ ಹಿಗ್ಗಿಸಬಹುದು, ಕುಗ್ಗಿಸಬಹುದು.

ಅಮೆರಿಕದ ಪದ್ಧತಿಯಲ್ಲಿ ಬ್ರಾಕೆಟ್ಟಲ್ಲಿ ಬೀಟ್ (ಚಿಕ್ಕದೊಂದು ತಡೆ) ಅಂತ ಬರೀತಾರೆ. ಕೊರಿಯರ್ ಅನ್ನೋ ಇಂಗ್ಲಿಷ್ ಫಾಂಟ್‌ನ 12 ಪಾಯಿಂಟ್ ಅಳತೆಯಲ್ಲಿ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅನ್ನೋದು ಅವರ ಲೆಕ್ಕ. ಕನ್ನಡ ಲಿಪಿಗೆ ಆ ಲೆಕ್ಕ ಕೂರಲ್ಲ. ಮೌನ ಜಾಸ್ತಿ ಇರೋ ಸ್ಕ್ರಿಪ್ಟ್‌ಗಂತೂ ಗಟ್ಟಿಯಾಗಿ ಓದಿ, ಸುಮ್ಮನಿರೋ ಕಡೆ ನಿಜವಾಗ್ಲೂ ಸುಮ್ಮನಿದ್ದು, ಮೊಬೈಲಲ್ಲಿ ಟೈಮ್ ನೋಡಿ.

ರಂಗಭೂಮಿಯಿಂದ ಬಂದ ಒಬ್ಬರು:

ನಾಟಕದಲ್ಲಿ ನಾವು (ತಡೆದು) ಬೇರೆ, (ಮೌನ) ಬೇರೆ ಅಂತ ಓದ್ತೀವಿ. ತಡೆಯೋದು ಒಬ್ಬರ ಒಳಗೆ ಆಗೋದು, ಮೌನ ಇಬ್ಬರ ನಡುವೆ ಕೂರೋದು. ಇನ್ನೊಂದು ಉಪಾಯ: ಎಡಕ್ಕೆ ಆ್ಯಕ್ಷನ್, ಬಲಕ್ಕೆ ಡೈಲಾಗ್ ಅಂತ ಪುಟ ಸೀಳಿ ಬರೆಯೋ ನಮ್ಮ ಸಿನಿಮಾದವರ ಹಳೇ ಪದ್ಧತಿ ಇದೆಯಲ್ಲ, ಅದರಲ್ಲಿ ಬಲಭಾಗ ಖಾಲಿ ಬಿಟ್ಟರೆ ಸಾಕು, ಮೌನ ಕಣ್ಣಿಗೇ ಕಾಣುತ್ತೆ. ಆದರೆ ಪ್ರತಿ ಮೌನಕ್ಕೂ ಲೋಟ, ಸೌಟು, ಕನ್ನಡಕ ಕೊಡೋಕೆ ಹೋಗಬೇಡಿ. ಕೈಗೆ ಕೆಲಸ ಇಲ್ಲದೆ ನಿಲ್ಲೋ ಮನುಷ್ಯನೂ ಇರ್ತಾನೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಅಷ್ಟೂ (ವಿರಾಮ) ಅಳಿಸಿ ಗಟ್ಟಿಯಾಗಿ ಓದಿದೆ. ಹೆಚ್ಚಿನ ಕಡೆ ಅದಿಲ್ದೇನೂ ಮಾತು ತಾನೇ ನಿಂತಿತು. ಸೌಟಿನ ಸಾಲು ನಿಮ್ಮ ಅನುಮತಿ ಇದ್ರೆ ಹಾಗೇ ಇಟ್ಕೊಳ್ತೀನಿ. ಮಗ "ಮನೆ ಮಾರಿಬಿಡೋಣ" ಅಂದಮೇಲೆ ಮಾತ್ರ ಅಪ್ಪನಿಗೆ ಏನು ಕೆಲಸ ಕೊಟ್ಟರೂ ಸುಳ್ಳಾಗ್ತಿತ್ತು. ಅಲ್ಲಿ (ಮೌನ) ಅಂತಷ್ಟೇ ಬರೆದಿದ್ದೀನಿ.