ರುವಾಂಡಾದ ಜ್ವಾಲಾಮುಖಿ ಬೆಟ್ಟಗಳಲ್ಲಿ ಗೊರಿಲ್ಲಾ ನೋಡಲು: ಹೋಗಿ ಬಂದವರ ಅನುಭವ

ಪ್ರಶ್ನೆ (ಮಂಡ್ಯದಿಂದ): ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 63. ಮಗ ಕಿಗಾಲಿಯಲ್ಲಿ ಕೆಲಸದಲ್ಲಿದ್ದಾನೆ. ಬರುವ ಜುಲೈನಲ್ಲಿ ನಾನೂ ನನ್ನ ಶ್ರೀಮತಿಯೂ ಅವನ ಬಳಿಗೆ ಹೋಗುವವರಿದ್ದೇವೆ. ಆಗ ವೊಲ್ಕೆನೋಸ್ ರಾಷ್ಟ್ರೀಯ ಉದ್ಯಾನದ ಪರ್ವತ ಗೊರಿಲ್ಲಾಗಳನ್ನು ನೋಡಬೇಕೆಂಬ ಆಸೆಯಿದೆ. ಶ್ರೀಮತಿಗೆ ಸ್ವಲ್ಪ ಮಂಡಿನೋವು. ನಮ್ಮಿಂದ ನಡೆಯಲಾದೀತೇ, ಅಷ್ಟು ಹಣ ಕೊಡುವುದು ಸಾರ್ಥಕವೇ, ಏನೇನು ಸಿದ್ಧತೆ ಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ (ಮೈಸೂರು, ಕುವೆಂಪುನಗರದಿಂದ): ಮೇಷ್ಟ್ರೇ, ನಾವು ಎರಡು ವರ್ಷದ ಹಿಂದೆ ಜೂನ್ ಕೊನೆಯಲ್ಲಿ ಹೋಗಿದ್ದೆವು, ಆಗ ನನಗೆ 58. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆಯಾದ್ದರಿಂದ ನೀವು ಆರಿಸಿಕೊಂಡಿರುವ ತಿಂಗಳು ಸರಿಯಾಗಿದೆ. ಬೆಳಿಗ್ಗೆ ಏಳಕ್ಕೆ ಕಿನಿಗಿಯಲ್ಲಿರುವ ಉದ್ಯಾನದ ಕಚೇರಿಯಲ್ಲಿ ಎಲ್ಲರೂ ಸೇರಬೇಕು. ಒಂದು ಗೊರಿಲ್ಲಾ ಕುಟುಂಬಕ್ಕೆ ಎಂಟು ಜನರಂತೆ ಗುಂಪು ಮಾಡುವುದು ಅಲ್ಲಿಯೇ. ಅಮ್ಮನವರ ಮಂಡಿನೋವಿನ ವಿಷಯವನ್ನು ಸಂಕೋಚಪಡದೆ ಆಗಲೇ ಹೇಳಿಬಿಡಿ. ಹತ್ತಿರದಲ್ಲಿರುವ ಕುಟುಂಬವನ್ನು ನೋಡುವ ಗುಂಪಿಗೆ ಸೇರಿಸಲು ಅವರು ಪ್ರಯತ್ನಿಸುತ್ತಾರೆ. ಆದರೆ ಗೊರಿಲ್ಲಾಗಳು ದಿನವೂ ಜಾಗ ಬದಲಿಸಿ ರಾತ್ರಿಗೊಂದು ಹೊಸ ಗೂಡು ಕಟ್ಟಿಕೊಳ್ಳುವುದರಿಂದ, ಅರ್ಧ ಗಂಟೆಯಲ್ಲಿ ಮುಗಿಯಬಹುದೆಂದುಕೊಂಡ ದಾರಿ ಮೂರು ಗಂಟೆಯೂ ಆಗಬಹುದು.

ನಾವು ಹೊರಡುವ ಮುನ್ನ ಎರಡು ತಿಂಗಳು ವಾರಕ್ಕೆರಡು ಬಾರಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದ್ದು ಬಹಳ ಉಪಯೋಗಕ್ಕೆ ಬಂತು. ಆದರೂ ಆ ಕಾಡು ಶುರುವಾಗುವುದೇ ನಮ್ಮ ಬೆಟ್ಟದ ತುದಿಗಿಂತ ದುಪ್ಪಟ್ಟಿಗೂ ಹೆಚ್ಚು ಎತ್ತರದಲ್ಲಿ, ಕಾಲಡಿಯಲ್ಲಿ ಮೆಟ್ಟಿಲಿನ ಬದಲು ಜಾರುವ ಕಪ್ಪು ಕೆಸರು. ಆಲೂಗಡ್ಡೆ ಹೊಲಗಳನ್ನು ದಾಟಿ, ಕಾಡೆಮ್ಮೆಗಳು ಬೆಳೆಗೆ ನುಗ್ಗದಂತೆ ಕಟ್ಟಿರುವ ಕಲ್ಲುಗೋಡೆಯನ್ನು ಹತ್ತಿಳಿದರೆ ಉದ್ಯಾನ. ಅಲ್ಲಿಂದ ಮುಂದೆ ಮುಟ್ಟಿದರೆ ಉರಿಯುವ ತುರಿಕೆ ಗಿಡಗಳು. ತುಂಬುತೋಳಿನ ಅಂಗಿ, ತೋಟದ ಕೆಲಸದ ದಪ್ಪ ಕೈಗವಸು, ಪ್ಯಾಂಟಿನ ಮೇಲೆ ಎಳೆದುಕೊಳ್ಳುವ ಉದ್ದ ಕಾಲುಚೀಲ ಇರಲೇಬೇಕು. ಚೀಲ ಹೊರಲು, ಕೈಹಿಡಿದು ಇಳಿಸಲು ತಲಾ ಒಬ್ಬ ಪೋರ್ಟರನ್ನು ಖಂಡಿತ ಗೊತ್ತುಮಾಡಿಕೊಳ್ಳಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ; ಮೇಲಾಗಿ ಆ ಕೂಲಿ ನೇರವಾಗಿ ಅದೇ ಹಳ್ಳಿಗಳ ಮನೆಗಳಿಗೆ ಸೇರುತ್ತದೆ.

ಹಣದ ಮಾತು. ಗೊರಿಲ್ಲಾ ನೋಡುವ ಅನುಮತಿಗೆ 2017ರಿಂದ ಒಬ್ಬರಿಗೆ 1,500 ಡಾಲರ್. ಅಲ್ಲಿಯೇ ವಾಸವಿರುವ ವಿದೇಶಿಯರಿಗೆ ಇರುವ ಕಡಿಮೆ ದರ ನಿಮ್ಮ ಮಗನಿಗೆ ಸಿಕ್ಕೀತೇ ಹೊರತು ನಿಮಗಿಬ್ಬರಿಗಲ್ಲ. ನಮ್ಮ ಮೃಗಾಲಯದಲ್ಲೇ 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ ಮತ್ತು ಡೆಂಬಾ ಇರುವಾಗ ಅಷ್ಟು ದೂರ ಏಕೆ ಎಂದು ನನ್ನನ್ನೂ ಹಲವರು ಕೇಳಿದ್ದರು. ಅವು ಪಶ್ಚಿಮ ಆಫ್ರಿಕಾ ಕಡೆಯ ತಗ್ಗುನಾಡಿನ ಗೊರಿಲ್ಲಾಗಳು. ಪರ್ವತ ಗೊರಿಲ್ಲಾ ಯಾವ ಮೃಗಾಲಯದಲ್ಲೂ ಇಲ್ಲ. 2018ರ ಹೊತ್ತಿಗೆ ಸಾವಿರವನ್ನು ದಾಟಿದ್ದ ಅವುಗಳ ಸಂಖ್ಯೆಯಲ್ಲಿ ಅರ್ಧಕ್ಕೂ ಹೆಚ್ಚು ಈ ವಿರುಂಗಾ ಜ್ವಾಲಾಮುಖಿ ಬೆಟ್ಟಗಳ ಸಾಲಿನಲ್ಲಿ, ಉಳಿದವು ಉಗಾಂಡಾದ ಬ್ವಿಂಡಿ ಕಾಡಿನ ಸುತ್ತ. ಕೊಡುವ ಹಣ ಈ ಪ್ರಾಣಿಗಳನ್ನು ಕಾಯುವುದಕ್ಕೂ ಬಳಕೆಯಾಗುತ್ತದೆ, ಪ್ರವಾಸೋದ್ಯಮದ ಆದಾಯದಲ್ಲಿ ಶೇಕಡ 10ರಷ್ಟು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ ಎಂಬ ಕಾರಣಕ್ಕೆ ನನಗೆ ಕೊಟ್ಟಿದ್ದು ಹೆಚ್ಚೆನಿಸಲಿಲ್ಲ.

ನೋಡಲು ಸಿಗುವುದು ಒಂದೇ ಗಂಟೆ. ಬೆನ್ನು ಬೆಳ್ಳಗಾದ ಹಿರಿಯ ಗಂಡು ನಮ್ಮೆದುರೇ ಕುಳಿತು, ರಸವಿರುವ ದಂಟೊಂದನ್ನು ಕಿತ್ತು, ನಮ್ಮೂರಿನ ಹುಡುಗರು ಗದ್ದೆಯ ಬದುವಿನ ಮೇಲೆ ಕಬ್ಬು ಸಿಗಿಯುವಂತೆ ಹಲ್ಲಿನಿಂದ ಸಿಪ್ಪೆ ಎಳೆದು, ಒಳಗಿನ ತಿರುಳನ್ನಷ್ಟೇ ತಿಂದು ಸಿಪ್ಪೆಯನ್ನು ತೊಡೆಯ ಮೇಲೆ ಬಿಡುತ್ತಿತ್ತು. ಗೈಡ್ ಗಂಟಲಿನಿಂದ ಗೊರಗೊರ ಸದ್ದು ಮಾಡಿದಾಗ ಅದೂ ಹಾಗೆಯೇ ಉತ್ತರ ಕೊಟ್ಟಿತು. ಮೊದಲ ಇಪ್ಪತ್ತು ನಿಮಿಷ ಮೊಬೈಲಿನಲ್ಲಿ ಕಳೆದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಒಂದು ವಿಷಯದಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ: ಆ ದಿನ ನೆಗಡಿ, ಕೆಮ್ಮು ಇದ್ದರೆ ಎಷ್ಟೇ ಹಣ ಕೊಟ್ಟಿದ್ದರೂ ಹೋಗಬೇಡಿ. ನಮಗೆ ಮೂರು ದಿನದಲ್ಲಿ ವಾಸಿಯಾಗುವ ಸೋಂಕು ಅವುಗಳ ಪ್ರಾಣ ತೆಗೆಯಬಲ್ಲದು. ಮಾಸ್ಕ್ ಹಾಕಿಸುವುದೂ ದೂರ ನಿಲ್ಲಿಸುವುದೂ ಅದಕ್ಕಾಗಿಯೇ. ನಮ್ಮ ಯಜಮಾನರಿಗೆ ಹಿಂದಿನ ರಾತ್ರಿ ಗಂಟಲು ಕೆರೆತ ಶುರುವಾಗಿ, ಅವರು ಕೋಣೆಯಲ್ಲೇ ಉಳಿದರು. ನಾನೊಬ್ಬಳೇ ಹೋಗಿ ಬಂದೆ.

ಉತ್ತರ (ಶ್ರೀರಂಗಪಟ್ಟಣದಿಂದ): ಮೇಲೆ ಬರೆದಿರುವುದೆಲ್ಲ ಸರಿಯಾಗಿದೆ. ಮಂಡಿನೋವು ಜಾಸ್ತಿಯಾದರೆ ಅಮ್ಮನವರು ಬಿದಿರು ಕಾಡಿನ ಗೋಲ್ಡನ್ ಮಂಕಿಗಳನ್ನು ನೋಡಲು ಹೋಗಲಿ. ದಾರಿ ಸಾಮಾನ್ಯವಾಗಿ ಹಗುರ, ದರವೂ ಬಹಳ ಕಡಿಮೆ. ಬೆನ್ನಿನ ಮೇಲೆ ಕಿತ್ತಳೆ ಮಿಶ್ರಿತ ಹೊಂಬಣ್ಣವಿರುವ ಈ ಕೋತಿಗಳೂ ಈ ಭಾಗದ ಬೆಟ್ಟಗಳನ್ನು ಬಿಟ್ಟು ಬೇರೆಡೆ ಸಿಗುವುದು ಅಪರೂಪ. 1967ರಲ್ಲಿ ಕರಿಸಿಂಬಿ ಮತ್ತು ಬಿಸೋಕೆ ಪರ್ವತಗಳ ನಡುವೆ ಗೊರಿಲ್ಲಾ ಸಂಶೋಧನಾ ಶಿಬಿರ ಹೂಡಿದ ವಿಜ್ಞಾನಿ ಡಯಾನ್ ಫಾಸಿ ಅವರ ಸಮಾಧಿಗೆ ಏರುವುದು ಕಷ್ಟವೆನಿಸಿದರೆ, ಅವರ ಹೆಸರಿನ ಸಂಸ್ಥೆ 2022ರಲ್ಲಿ ಕಿನಿಗಿಯಲ್ಲಿ ತೆರೆದಿರುವ ಕೇಂದ್ರದ ಪ್ರದರ್ಶನವನ್ನು ನಿಧಾನವಾಗಿ ನೋಡಬಹುದು. ಪ್ಲಾಸ್ಟಿಕ್ ಕವರ್ ಆ ದೇಶದಲ್ಲಿ ನಿಷಿದ್ಧ. ಚಕ್ಲಿ, ಕೋಡುಬಳೆಯನ್ನು ಡಬ್ಬಿಯಲ್ಲೇ ಒಯ್ಯಿರಿ.

ಉತ್ತರ (ಮೈಸೂರಿನಿಂದ): ಕೀನ್ಯಾ ಅಥವಾ ಉಗಾಂಡಾಕ್ಕೂ ಹೋಗಿ ಬರುವ ಯೋಚನೆಯಿದ್ದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು, ಇಲ್ಲವಾದರೆ ಭಾರತಕ್ಕೆ ಮರಳಿ ಬಂದಾಗ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚಾದ್ದರಿಂದ, ಟಿಕೆಟ್ ಕಾಯ್ದಿರಿಸುವ ಮೊದಲೇ ನಿಮ್ಮ ವೈದ್ಯರನ್ನು ಕಂಡು ಕೇಳಿಕೊಳ್ಳಿ.