ಮೂರು ಜನ ರಿಪೋರ್ಟ್ ಒತ್ತಿದರೆ ಕಾಮೆಂಟ್ ತಾನಾಗಿ ಡಿಲೀಟ್ ಆಗಬೇಕಾ?

ತುಂಗೆ ದಂಡೆ (ತೀರ್ಥಹಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಕೆಲವರು ಸೇರಿ ಅಡಿಕೆ ಬೆಳೆಗಾರರಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ಗುಂಪು ನಡೆಸುತ್ತಿದ್ದೇವೆ. ಕೊಳೆರೋಗ, ಎಲೆಚುಕ್ಕೆ, ಕೊನೆಗೌಡರು (ಮರ ಹತ್ತಿ ಅಡಿಕೆ ಕೊನೆ ಇಳಿಸುವವರು) ಸಿಗದ ಕಷ್ಟ, ಶಿವಮೊಗ್ಗದಲ್ಲಿ ರಾಶಿ ಅಡಿಕೆಗೆ ಇವತ್ತು ಏನು ರೇಟು, ಎಲ್ಲಾ ಅಲ್ಲೇ ಮಾತಾಡಿಕೊಳ್ಳುತ್ತೇವೆ. ಗುಂಪು ನೋಡಿಕೊಳ್ಳುವವರಿಗೆಲ್ಲ ತೋಟದ ಕೆಲಸ ಇದೆ. ಹಗಲು ಹೊತ್ತು ಫೋನ್ ಹಿಡಿದು ಕೂರಲು ಆಗುವುದಿಲ್ಲ. ಅದಕ್ಕೆ ಗುಂಪು ಶುರುವಾದಾಗಲೇ ಒಂದು ಸೆಟ್ಟಿಂಗ್ ಬಂತು: ಒಂದು ಕಾಮೆಂಟಿಗೆ ಮೂರು ಜನ ರಿಪೋರ್ಟ್ ಒತ್ತಿದರೆ ಅದು ತಾನಾಗಿ ಡಿಲೀಟ್. ಯಾರೂ ಓದಿ ನೋಡುವುದಿಲ್ಲ.

ಮಳೆಗಾಲಕ್ಕೆ ಮೊದಲು ಆದದ್ದು ಕೇಳಿ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದ ಹುಡುಗನೊಬ್ಬ ಬೋರ್ಡೋ, ಅಂದರೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ, ಮಾಡುವುದು ಹೇಗೆ ಅಂತ ಕೇಳಿದ. ಒಬ್ಬರು ಬರೆದರು, ಸುಣ್ಣ ಅರ್ಧ ಕೆಜಿ ಸಾಕು, ಮೈಲುತುತ್ತದ ನೀರಿಗೆ ಸುಣ್ಣದ ನೀರು ಸುರಿಯಿರಿ ಅಂತ. ಅದನ್ನು ನೋಡಿ ನಮ್ಮ ಗುಂಪಿನ ಹಿರಿಯರೊಬ್ಬರು ಸಿಟ್ಟಾದರು. ಅವರು ಬರೆದದ್ದು ನಾನು ಆಗಲೇ ಓದಿದ್ದೆ, ನೆನಪಿದ್ದಷ್ಟು ಹೀಗಿತ್ತು: "ಗೊತ್ತಿಲ್ಲದೆ ಬರೆಯಬೇಡಿ ಮಾರಾಯ್ರೇ, ಇನ್ನೊಬ್ಬರ ಫಸಲು ಸುಟ್ಟುಹೋಗುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಮೈಲುತುತ್ತದ ನೀರನ್ನೇ ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇಟ್ಟುಕೊಳ್ಳಿ. ಕೊನೆಗೆ ಉಜ್ಜಿದ ಕತ್ತಿ ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ."

ದನಿ ಬಿರುಸಾಗಿತ್ತು, ಹೌದು. ಬೈಗುಳ ಒಂದೂ ಇರಲಿಲ್ಲ. ಆದರೆ ಮೊದಲು ಬರೆದವರಿಗೆ ಅವಮಾನ ಆಯಿತು. ಅವರೂ ಅವರ ಸ್ನೇಹಿತರಿಬ್ಬರೂ ರಿಪೋರ್ಟ್ ಒತ್ತಿದರು. ಹಿರಿಯರ ಕಾಮೆಂಟ್ ಮಾಯ.

ತಪ್ಪು ಅಳತೆ ಹೇಳಿದ ಕಾಮೆಂಟ್ ಮಾತ್ರ ಹಾಗೇ ಉಳಿಯಿತು. ಇನ್ನೂ ದೊಡ್ಡ ತೊಂದರೆ ಅದರ ಕೆಳಗಿತ್ತು. ಹಿರಿಯರ ಮಾತಿಗೆ "ತುಂಬಾ ಉಪಕಾರ ಆಯ್ತು, ಹೀಗೇ ಮಾಡ್ತೇವೆ" ಅಂತ ಕೆಲವರು ಬರೆದಿದ್ದರು. ನಡುವಿನ ಕಾಮೆಂಟ್ ಹೋದ ಮೇಲೆ ಆ ಉಪಕಾರವೆಲ್ಲ ಅರ್ಧ ಕೆಜಿ ಸುಣ್ಣ ಅಂದವರಿಗೆ ಹೇಳಿದ ಹಾಗೆ ಕಾಣತೊಡಗಿತು. ಹೊಸಬರು ಓದಿದರೆ ಏನು ತಿಳಿದುಕೊಳ್ಳಬೇಕು?

ಹಿರಿಯರಿಗೆ ಒಂದು ಸಂದೇಶವೂ ಹೋಗಲಿಲ್ಲ. ಅವರೇ ಫೋನ್ ಮಾಡಿ "ನನ್ನದು ತೆಗೆದವರು ಯಾರು, ಯಾಕೆ?" ಅಂತ ಕೇಳಿದರು. ತೋರಿಸಲು ನಮ್ಮ ಹತ್ತಿರ ಬರಹದ ಪ್ರತಿಯೇ ಇಲ್ಲ. ರಿಪೋರ್ಟ್ ಒತ್ತಿದವರ ಹೆಸರಷ್ಟೇ ಉಳಿದಿತ್ತು. ಆಮೇಲೆ ಅವರು ಗುಂಪಿನಲ್ಲಿ ಬರೆದಿಲ್ಲ.

ಈ ಸೆಟ್ಟಿಂಗ್ ತೆಗೆದೇಬಿಡೋಣ ಅಂತ ನಾನು. ತೆಗೆದರೆ ಬೆಟ್ಟಿಂಗ್ ಮತ್ತು ಸಾಲದ ಆ್ಯಪ್ ಲಿಂಕುಗಳು ತುಂಬಿಕೊಳ್ಳುತ್ತವೆ ಅಂತ ಜೊತೆಯವರು. ಅದೂ ಸುಳ್ಳಲ್ಲ. ಗುಂಪು ನಡೆಸಿ ಗೊತ್ತಿರುವವರು ಹೇಳಿ, ನೀವು ಹೇಗೆ ಮಾಡುತ್ತೀರಿ?

ಇಕ್ಕೇರಿ ದಾರಿ (ಸಾಗರ):

ತೆಗೆಯಬೇಡಿ, ಬದಲಾಯಿಸಿ. ಡಿಲೀಟ್ ಇರುವ ಜಾಗಕ್ಕೆ 'ಮರೆಮಾಡು' ಹಾಕಿ.

ನಾವು ಡಿಸ್ಕೋರ್ಸ್ ಅನ್ನುವ ತಂತ್ರಾಂಶ ಬಳಸುತ್ತೇವೆ. ಅದರಲ್ಲಿ ಸಾಕಷ್ಟು ದೂರು ಬಿದ್ದರೆ ಬರಹ ಮುಚ್ಚಿಕೊಳ್ಳುತ್ತದೆ, ಆದರೆ ಅಲ್ಲೇ ಇರುತ್ತದೆ. ಬರೆದವರಿಗೆ ತಕ್ಷಣ ಸಂದೇಶ ಹೋಗುತ್ತದೆ. ಅವರು ಬಿರುಸು ಮಾತು ತಿದ್ದಿ ಬರೆದರೆ ವಾಪಸ್ ಕಾಣುತ್ತದೆ. ಇನ್ನೊಂದು ಕಡೆ ನಿರ್ವಾಹಕರ ಪಟ್ಟಿಯಲ್ಲಿ ಅದು ಕಾಯುತ್ತಿರುತ್ತದೆ. ರಾತ್ರಿ ಊಟ ಮುಗಿಸಿ ಕೂತು ಒಂದೊಂದೇ ನೋಡಿ, ದೂರು ಸರಿ ಅಥವಾ ಸರಿಯಲ್ಲ ಅಂತ ಒತ್ತಿದರಾಯಿತು. ಎಲ್ಲರ ದೂರಿಗೂ ಒಂದೇ ತೂಕ ಇಲ್ಲ. ಹಿಂದೆ ಸುಮ್ನೆ ಸುಮ್ನೆ ಒತ್ತಿದವರ ಮಾತಿಗೆ ಬೆಲೆ ಕಡಿಮೆ, ಸರಿಯಾಗಿ ಒತ್ತಿದವರದ್ದಕ್ಕೆ ಜಾಸ್ತಿ. ನಿಮ್ಮ ಆ ಮೂವರ ವಿಷಯದಲ್ಲಿ ಇದೇ ಬೇಕಾಗಿತ್ತು.

ತಾನಾಗಿ ಅಳಿಸುವುದು ಎಲ್ಲೂ ಇಲ್ಲ ಅಂತಲ್ಲ. ಸ್ಟ್ಯಾಕ್ ಓವರ್‌ಫ್ಲೋ ಅನ್ನುವ, ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಜಾಲತಾಣದಲ್ಲಿ ಸ್ಪ್ಯಾಮ್ ಅಥವಾ ನಿಂದನೆ ಅಂತ ಸಾಕಷ್ಟು ದೂರು ಬಿದ್ದರೆ ಬರಹ ಅಳಿಸಿಹೋಗುತ್ತದೆ. ಆದರೆ ಅದು ಆ ಎರಡು ಕಾರಣಕ್ಕೆ ಮಾತ್ರ. "ನನಗೆ ಒಪ್ಪಿಗೆ ಇಲ್ಲ" ಅನ್ನುವುದಕ್ಕೆ ಅಲ್ಲಿ ಬೇರೆ ಗುಂಡಿ ಇದೆ. ನಿಮ್ಮಲ್ಲಿ ಎಲ್ಲಕ್ಕೂ ಒಂದೇ ಗುಂಡಿ, ಅಲ್ವಾ? ಸಿಟ್ಟು ಬಂದವರು ಒತ್ತುವುದೂ ಅದನ್ನೇ, ಬೆಟ್ಟಿಂಗ್ ಲಿಂಕ್ ಕಂಡವರು ಒತ್ತುವುದೂ ಅದನ್ನೇ.

ದೊಡ್ಡವರ ಕಥೆಯೂ ನೋಡಿ. 2020ರಲ್ಲಿ ಕೊರೊನಾ ಬಂದು ಪರಿಶೀಲಿಸುವ ಜನ ಕಡಿಮೆಯಾದಾಗ ಯೂಟ್ಯೂಬ್ ಕೆಲಸವನ್ನು ಹೆಚ್ಚಾಗಿ ಯಂತ್ರಕ್ಕೆ ಬಿಟ್ಟಿತು. ಏಪ್ರಿಲ್‌ನಿಂದ ಜೂನ್‌ವರೆಗೆ 1.1 ಕೋಟಿಗೂ ಹೆಚ್ಚು ವಿಡಿಯೊ ತೆಗೆಯಿತು. ಮೇಲ್ಮನವಿ ಬಂದ ಮೇಲೆ ಸುಮಾರು 1.6 ಲಕ್ಷ ವಿಡಿಯೊ ವಾಪಸ್ ಹಾಕಬೇಕಾಯಿತು. ವಾಪಸ್ ಹಾಕಲು ಅವರ ಹತ್ತಿರ ಪ್ರತಿ ಇತ್ತು. ನಿಮ್ಮಲ್ಲಿ ಅದೇ ಇಲ್ಲ.

ಮಿಡಿ ಉಪ್ಪಿನಕಾಯಿ (ಹೊಸನಗರ):

ಅಣ್ಣ, ಇನ್ನೊಂದು ಮುಖವನ್ನೂ ನೋಡಿ. ನಾವು ಹೆಂಗಸರು ಸೇರಿ ಅಪ್ಪೆಮಿಡಿ, ಹಪ್ಪಳ ಮಾರುವ ಗುಂಪು ನಡೆಸುತ್ತೇವೆ. ಹುಡುಗಿಯೊಬ್ಬಳು ಭರಣಿ ಹಿಡಿದು ನಿಂತ ಫೋಟೋ ಹಾಕಿದ್ದಳು. ಅದರ ಕೆಳಗೆ ಯಾರೋ ಹೊಲಸು ಮಾತು ಬರೆದ. ಅದು ಜುಲೈ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟ್ ಇಲ್ಲ, ಟವರ್ ಇಲ್ಲ, ಮರ ಬಿದ್ದರೆ ರಸ್ತೆಯೂ ಇಲ್ಲ. ನಿರ್ವಾಹಕರು ಯಾರೂ ಸಿಗಲಿಲ್ಲ. ಬೇರೆ ಊರಿನ ಸದಸ್ಯರು ರಿಪೋರ್ಟ್ ಒತ್ತಿದ್ದಕ್ಕೆ ಅದು ಅಷ್ಟು ಬೇಗ ಕಣ್ಣಿಂದ ಮರೆಯಾಯಿತು. ಇಲ್ಲದಿದ್ದರೆ ಆ ಹುಡುಗಿಯ ಅಪ್ಪ, ಅಣ್ಣ ಎಲ್ಲರೂ ಓದುತ್ತಿದ್ದರು. ಆಮೇಲೆ ಅವಳಿಗೆ ಫೋನ್ ಕೊಡುತ್ತಿದ್ದರಾ?

"ಮನುಷ್ಯರು ನೋಡಿಯೇ ತೀರ್ಮಾನ" ಅನ್ನುವವರು ಇದನ್ನು ಮರೆಯಬಾರದು. ಮರೆಮಾಡುವುದು ಅಂದರೆ ನನಗೆ ಒಪ್ಪಿಗೆ. ಆದರೆ ಅದು ತಾನಾಗಿ, ತಕ್ಷಣ ಆಗಬೇಕು. ಇಂಥದ್ದಕ್ಕೆ ಮೂರು ದೂರು ಯಾಕೆ, ಒಂದೇ ಸಾಕು.

ದುರ್ಗಿಗುಡಿ (ಶಿವಮೊಗ್ಗ):

ನಾನು ವಕೀಲ. ಹೊಸನಗರದ ಅಕ್ಕ ಹೇಳಿದ ಘಟನೆಗೇ ಒಂದು ಮಾತು ಸೇರಿಸುತ್ತೇನೆ. ಆ ಹುಡುಗಿ ನಾಳೆ ಪೊಲೀಸರಿಗೆ ದೂರು ಕೊಡಬೇಕು ಅಂದರೆ ಸಾಕ್ಷಿ ಬೇಕು. ಪೂರ್ತಿ ಅಳಿಸಿದರೆ ಬರೆದವನಿಗೇ ಅನುಕೂಲ. 2021ರ ಐಟಿ ನಿಯಮಗಳು ಇದಕ್ಕೇ, ತೆಗೆದುಹಾಕಿದ ಬರಹ ಮತ್ತು ಅದರ ದಾಖಲೆಗಳನ್ನು ತನಿಖೆಗಾಗಿ 180 ದಿನ ಇಟ್ಟಿರಬೇಕು ಅಂತ ಮಧ್ಯವರ್ತಿ ಸಂಸ್ಥೆಗಳಿಗೆ (ಬೇರೆಯವರು ಬರೆದದ್ದನ್ನು ಇಟ್ಟು ತೋರಿಸುವ ಜಾಲತಾಣಗಳಂಥವಕ್ಕೆ) ಹೇಳುತ್ತವೆ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ದೊಡ್ಡ ಜಾಲತಾಣಗಳು ತಾವಾಗಿ ಏನಾದರೂ ತೆಗೆದರೆ ಬರೆದವರಿಗೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಅವಕಾಶ ಕೊಡಬೇಕು. ನಿಮ್ಮದು ಸಣ್ಣ ಗುಂಪು, ಈ ಎರಡನೆಯದು ನಿಮಗೆ ಕಡ್ಡಾಯ ಅಲ್ಲ. ಆದರೂ ಪಾಲಿಸಿ. ನಿಮ್ಮ ಹಿರಿಯರಿಗೆ ನೋವಾದದ್ದು ಕಾಮೆಂಟ್ ಹೋದದ್ದಕ್ಕಿಂತ ಯಾರೂ ಏನೂ ಹೇಳದೆ ಹೋದದ್ದಕ್ಕೆ ಅನ್ನಿಸುತ್ತದೆ.

ತುಂಗೆ ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಗುಂಪಿನಲ್ಲಿ ಹೆಂಗಸರು ಬರೆಯುವುದು ಕಡಿಮೆ, ಅದಕ್ಕೂ ಇಂಥದ್ದೇ ಕಾರಣ ಇರಬಹುದು, ವಿಚಾರಿಸುತ್ತೇನೆ.

ಜೊತೆಯವರ ಹತ್ತಿರ ಮಾತಾಡಿದೆ. ಹೊಲಸು ಮಾತು, ವೈಯಕ್ತಿಕ ಫೋಟೋ ಅಂತ ಒಂದು ದೂರು ಬಂದರೂ ಮರೆ. ಬೇರೆಯದಕ್ಕೆ ಮೂರು, ಅದೂ ಮರೆ ಮಾತ್ರ. ಬರೆದವರಿಗೆ ಕಾರಣ ಸಮೇತ ಸಂದೇಶ. ಹೊಸ ಖಾತೆಯಿಂದ ಬರುವ ಬೆಟ್ಟಿಂಗ್ ಲಿಂಕ್ ಒಂದೇ ತಾನಾಗಿ ತೆಗೆಯುವುದು, ಪ್ರತಿ ನಮ್ಮಲ್ಲಿ ಇರುತ್ತದೆ. "ಮಾಹಿತಿ ತಪ್ಪು" ಅಂತ ಹೊಸ ಗುಂಡಿ ಇಡುತ್ತೇವೆ, ಅದನ್ನು ಒತ್ತುವವರು ಸರಿಯಾದದ್ದು ಏನು ಅಂತ ಬರೆಯಲೇಬೇಕು.

ಒಂದು ಉಳಿಯಿತು. ದೂರು ಕೊಟ್ಟವರಿಗೂ ತೀರ್ಮಾನ ಹೇಳಬೇಕಾ?

ಇಕ್ಕೇರಿ ದಾರಿ:

ಹೇಳಿ. ನಾವು ಹೇಳುತ್ತೇವೆ. ದೂರು ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ಎರಡು ಸಾಲು ಬರೆಯುತ್ತೇವೆ. ಖಾಸಗಿಯಾಗಿ ಕಳಿಸಿ, ಎಲ್ಲರೆದುರು ಬೇಡ.