ಐರ್ಲೆಂಡಿನ ‘ಡೇಶಿ’ ಜನರನ್ನು ಕನ್ನಡದಲ್ಲಿ ಏನೆಂದು ಕರೆಯುವುದು?

ಗೆಳೆಯರೇ,

ಪ್ರಾಚೀನ ಐರ್ಲೆಂಡ್ ಕುರಿತು ಬರೆಯುತ್ತಿರುವ ಲೇಖನದಲ್ಲಿ ‘ಡೇಶಿ’ ಎಂಬ ಜನರ ಹೆಸರು ಮತ್ತೆ ಮತ್ತೆ ಬರುತ್ತದೆ. ‘ದೇಶಿ’ ಎಂದು ಬರೆದರೆ ಮಾರ್ಗ–ದೇಶಿಯ ನೆನಪಾಗಿ ಓದುಗರು ದಾರಿ ತಪ್ಪುತ್ತಾರೆ ಎಂದು ಡಕಾರವನ್ನೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ಅರ್ಥದಲ್ಲಿ.

ಈ ಹೆಸರು ಯಾವ ಮೂಲಪುರುಷನಿಂದಲೂ ಬಂದದ್ದಲ್ಲ. ಒಡೆಯನೊಬ್ಬನಿಗೆ ಅಧೀನರಾಗಿ ಕಪ್ಪಕಾಣಿಕೆ ಸಲ್ಲಿಸುವವರು ಎಂಬುದು ಅದರ ಮೂಲ ಅರ್ಥ. ಹಾಗಾಗಿಯೇ ದೂರದೂರದ ಸೀಮೆಗಳಲ್ಲಿ ಡೇಶಿಗಳಿದ್ದರು: ತಾರಾ ಬೆಟ್ಟದ ಸುತ್ತಲಿನ ಬ್ರೆಗಾದಲ್ಲಿ, ದಕ್ಷಿಣದ ವಾಟರ್‌ಫರ್ಡ್‌ನಲ್ಲಿ, ಶ್ಯಾನನ್ ನದಿಯ ಕೆಳಹರಿವಿನಲ್ಲಿ. ಇವರೆಲ್ಲ ಒಂದೇ ರಕ್ತದವರು ಎನ್ನುವುದಕ್ಕೆ ಹೆಸರೊಂದೇ ಆಧಾರವಾಗದು.

8ನೇ ಶತಮಾನದಲ್ಲಿ ಬರೆದಿಟ್ಟ ಒಂದು ಐರಿಶ್ ಕಥೆ ಮಾತ್ರ ಬೇರೆ ಹೇಳುತ್ತದೆ. ತಾರಾದ ದೊರೆ ಕಾರ್ಮಕ್‌ನ ಮಗ ಡೇಶಿಗಳ ಆಂಗಸ್‌ನ ಮನೆತನದ ಹೆಣ್ಣಿಗೆ ಅನ್ಯಾಯ ಮಾಡುತ್ತಾನೆ; ಅದಕ್ಕಾಗಿ ಆಂಗಸ್ ಅವನನ್ನು ಈಟಿಯಿಂದ ಕೊಲ್ಲುತ್ತಾನೆ. ಈಟಿಗೆ ಕಟ್ಟಿದ ಸರಪಳಿ ಬಡಿದು ದೊರೆಯ ಒಂದು ಕಣ್ಣು ಹೋಗುತ್ತದೆ. ಅಂಗಹೀನನಾದವನು ತಾರಾದಲ್ಲಿ ಆಳುವಂತಿಲ್ಲ! ಅಲ್ಲಿಂದ ಹೊರದೂಡಲ್ಪಟ್ಟ ಡೇಶಿಗಳು ಅಲೆದಾಡಿ ದಕ್ಷಿಣದಲ್ಲಿ ನೆಲೆಸುತ್ತಾರೆ. ಒಂದು ಕವಲು ಕಡಲು ದಾಟಿ ವೇಲ್ಸ್‌ನ ನೈಋತ್ಯ ಭಾಗದ ಡಾವೆಡ್‌ಗೆ ಹೋಗುತ್ತದೆ. ಕಥೆಯನ್ನು ಇದ್ದಂತೆಯೇ ನಂಬಬೇಕಿಲ್ಲ. ಆದರೆ ನೈಋತ್ಯ ವೇಲ್ಸ್‌ನಲ್ಲಿ ಲ್ಯಾಟಿನ್ ಜೊತೆಗೆ ಐರಿಶ್ ಮಂದಿಯ ಓಘಮ್ ಲಿಪಿಯನ್ನೂ ಕೆತ್ತಿದ ಕಲ್ಲುಗಳು ನಿಂತಿವೆ. ಐರಿಶ್ ವಲಸೆ ಕಟ್ಟುಕಥೆಯಲ್ಲ.

‘ಬುಡಕಟ್ಟು’ ಎಂದರೆ ಒಂದೇ ರಕ್ತದವರೆಂಬ ಭಾವನೆ ಬರುತ್ತದೆ. ‘ಸಾಮಂತರು’ ಎಂದರೆ ಕಣ್ಮುಂದೆ ನಿಲ್ಲುವುದು ಅರಸರು, ಜನರಲ್ಲ. ನನ್ನ ಒಲವು ‘ಒಕ್ಕಲು’ ಪದದ ಕಡೆಗಿದೆ: ಮನೆತನ, ನೆಲ, ಒಡೆಯನ ಹಂಗು ಮೂರನ್ನೂ ಅದು ಹಿಡಿದಿಡುತ್ತದೆ.

ಆದರೆ ಈ ಒಕ್ಕಲುಗಳೇ ಮುಂದೆ ಆಳುವವರಾದರು. ಶ್ಯಾನನ್ ಕಡೆಯ ಡೇಶಿಗಳು ಹೆಸರು ಬದಲಿಸಿಕೊಂಡು ದಾಲ್ ಗಾಶ್ ಎನಿಸಿದರು. 1014ರಲ್ಲಿ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದ ಐರ್ಲೆಂಡಿನ ಅಧಿರಾಜ ಬ್ರಯಾನ್ ಬೋರು ಆ ಮನೆತನದವನು. ವಾಟರ್‌ಫರ್ಡ್‌ನವರಂತೂ ಇಂದಿಗೂ ತಮ್ಮ ನಾಡನ್ನು ಹೆಮ್ಮೆಯಿಂದ ‘ಡೇಶ’ ಎನ್ನುತ್ತಾರೆ.

ಮೊದಲ ಘಟ್ಟಕ್ಕೆ ‘ಡೇಶಿ ಒಕ್ಕಲು’, ನಂತರದ್ದಕ್ಕೆ ‘ಡೇಶಿ ನಾಡು’ ಎಂದು ಬೇರೆ ಬೇರೆ ಬಳಸಿದರೆ ಓದುಗರಿಗೆ ಗೊಂದಲವಾದೀತೇ? ಕಪ್ಪ ಕೊಡುವ ಇಡೀ ಜನಸಮುದಾಯವನ್ನು ಸೂಚಿಸುವ ಪದ ನಮ್ಮ ಶಾಸನಗಳಲ್ಲಿ ಸಿಕ್ಕಿದ್ದರೆ, ಬಲ್ಲವರು ದಯವಿಟ್ಟು ಪ್ರಯೋಗದ ಸಾಲಿನೊಂದಿಗೆ ತಿಳಿಸಿ.